ತೈಲವರ್ಣದಲ್ಲಿ ಕಡಲು ಮತ್ತು ಹಾಯಿಹಡಗು: ಗಾಳಿಯಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಹಾಯಿಹಡಗಿನ ಚಿತ್ರ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲು ಹಡಗನ್ನು ಬರೆಯುತ್ತಾರೆ, ಆಮೇಲೆ ಅದರ ಸುತ್ತ ನೀರು ತುಂಬಿಸುತ್ತಾರೆ, ಕೊನೆಗೆ ಉಳಿದ ಜಾಗಕ್ಕೆ ಆಕಾಶ ಬಳಿಯುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದವನು. ಒಂದು ಕಾಲದಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಮಂಜಿ (ಸರಕು ಸಾಗಿಸುವ ಹಾಯಿಹಡಗು) ನಡೆಸಿದ್ದ ಹಿರಿಯರೊಬ್ಬರಿಗೆ ಅಂಥ ಒಂದು ಚಿತ್ರವನ್ನು ಹೆಮ್ಮೆಯಿಂದ ತೋರಿಸಿದಾಗ ಅವರು ಬಣ್ಣದ ವಿಷಯ ಎತ್ತಲೇ ಇಲ್ಲ. "ಮಾಷ್ಟ್ರೇ, ಇದು ಎತ್ತ ಹೋಗುವ ಮಂಜಿ? ಹಾಯಿಗೆ ಒಂದು ಗಾಳಿ, ಬಾವುಟಕ್ಕೆ ಇನ್ನೊಂದು ಗಾಳಿ ಉಂಟಲ್ಲ?" ಎಂದಷ್ಟೇ ಕೇಳಿದರು. ನೋಡಿದರೆ ಹಾಯಿ ಎಡಕ್ಕೆ ಉಬ್ಬಿತ್ತು, ಬಾವುಟ ಬಲಕ್ಕೆ ಹಾರುತ್ತಿತ್ತು, ಅಲೆಗಳು ಇವೆರಡರ ಗೊಡವೆಯೇ ಇಲ್ಲದಂತೆ ಬೇರೆ ಕಡೆಗೆ ಹೊರಟಿದ್ದವು.

ಅಂದಿನಿಂದ ನಾನು ಕುಂಚ ಹಿಡಿಯುವ ಮೊದಲು, ಕ್ಯಾನ್ವಾಸ್ ನಿಲ್ಲಿಸುವ ಈಸೆಲ್‌ನ ಮೇಲಂಚಿಗೆ ಒಂದು ಚೀಟಿ ಅಂಟಿಸುತ್ತೇನೆ. ಅದರಲ್ಲಿ ಎರಡೇ ಬಾಣಗಳಿರುತ್ತವೆ: ಒಂದು ಗಾಳಿಯದು, ಇನ್ನೊಂದು ಬಿಸಿಲಿನದು. ಮುಂದೆ ಬರೆಯುವ ಮೋಡ, ಅಲೆ, ನೊರೆ, ಹಾಯಿ, ಬಾವುಟ ಎಲ್ಲವೂ ಈ ಎರಡು ಬಾಣಗಳ ಮಾತು ಕೇಳಬೇಕು. ಈ ಮಾರ್ಗದರ್ಶಿಯ ಕ್ರಮವೂ ಅದೇ.

ಮೊದಲ ಹೆಜ್ಜೆ: ಹೊತ್ತು, ದಿಕ್ಕು, ಗಾಳಿ

ಉದಾಹರಣೆಗಾಗಿ ಒಂದು ನಿರ್ದಿಷ್ಟ ದೃಶ್ಯವನ್ನು ಇಟ್ಟುಕೊಳ್ಳೋಣ. ಕಾಲ 20ನೆಯ ಶತಮಾನದ ಆರಂಭ. ಡಿಸೆಂಬರ್ ತಿಂಗಳ ಸಂಜೆ ನಾಲ್ಕೂವರೆ ಗಂಟೆ. ಮಂಗಳೂರಿನ ತಣ್ಣೀರುಬಾವಿಯ ಎದುರು, ದಡದಿಂದ ಸಾಕಷ್ಟು ಆಚೆ, ಸಣ್ಣ ದೋಣಿಯೊಂದರಲ್ಲಿ ನಿಂತು ನಾವು ಪಶ್ಚಿಮಕ್ಕೆ ನೋಡುತ್ತಿದ್ದೇವೆ. ಉತ್ತರದಿಂದ ಬಂದ ಮಂಜಿಯೊಂದು ದಕ್ಷಿಣದಲ್ಲಿರುವ ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಕಡೆಗೆ, ಎಂದರೆ ಚಿತ್ರದಲ್ಲಿ ಬಲದಿಂದ ಎಡಕ್ಕೆ, ಸಾಗುತ್ತಿದೆ. ಇಂದು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿಗಳು ಡೀಸೆಲ್ ಎಂಜಿನ್ನಿನಿಂದ ಓಡುವುದರಿಂದ ನಾವು ಒಂದು ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಗಿದೆ.

ಹೊತ್ತನ್ನು ನಿರ್ಧರಿಸಿದರೆ ಗಾಳಿ ತಾನಾಗಿ ನಿರ್ಧಾರವಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಗೆ ಮತ್ತು ಚಳಿಗಾಲದ ದಿನಗಳಲ್ಲಿ ನೆಲ ಕಾದ ಮೇಲೆ, ಮಧ್ಯಾಹ್ನದಿಂದ ಸಂಜೆಯವರೆಗೆ, ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ; ರಾತ್ರಿ ನೆಲ ತಣಿದ ಮೇಲೆ ಬೆಳಗಿನ ಜಾವದವರೆಗೆ ನೆಲದಿಂದ ಕಡಲಿನತ್ತ ಬೀಸುತ್ತದೆ. ಆದ್ದರಿಂದ ಸಂಜೆಯ ಚಿತ್ರದಲ್ಲಿ ಹಾಯಿ ಬಿಚ್ಚಿ ನೇರ ಪಶ್ಚಿಮಕ್ಕೆ ಸರಾಗವಾಗಿ ಹೊರಟ ಹಡಗನ್ನು ಬರೆದರೆ ಬಲ್ಲವರು ನಗುತ್ತಾರೆ. ಜೂನ್ ತಿಂಗಳ ಕಪ್ಪು ಮೋಡದ ಕೆಳಗೆ ಪರ್ವತದಂಥ ಅಲೆಗಳನ್ನು ಏರುತ್ತಿರುವ ಮಂಜಿಯ ಕಲ್ಪನೆಯೂ ಆಕರ್ಷಕವೇ. ಆದರೆ ಮಳೆಗಾಲದಲ್ಲಿ ಮಂಜಿಗಳು ಕಡಲಿಗೆ ಇಳಿಯದೆ ದಡ ಸೇರಿರುತ್ತಿದ್ದವು.

ನಮ್ಮ ದೃಶ್ಯದಲ್ಲಿ ಗಾಳಿ ವಾಯವ್ಯದಿಂದ ಬರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ನಮಗೆ ಅದು ಬಲಬದಿಯ ದೂರದಿಂದ ಎಡಬದಿಯ ಹತ್ತಿರಕ್ಕೆ ಬೀಸಿದಂತೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ನೈಋತ್ಯದಲ್ಲಿ, ದಿಗಂತದಿಂದ ಸುಮಾರು 20 ಡಿಗ್ರಿ ಮೇಲೆ, ಚಿತ್ರದ ಚೌಕಟ್ಟಿನ ಹೊರಗೆ ಎಡಕ್ಕೆ ಇರುತ್ತಾನೆ. ಬಿಸಿಲಿನ ಬಾಣ ಎಡದಿಂದ, ತುಸು ಎದುರಿನಿಂದ ಬರುತ್ತದೆ. ಗಾಳಿಯ ರಭಸ ಗಂಟೆಗೆ 15 ಕಿಲೋಮೀಟರ್ ಎಂದು ಇಟ್ಟುಕೊಳ್ಳಬಹುದು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾಪನದ ಇಂದಿನ ರೂಪದಲ್ಲಿ ಇದು 3ನೆಯ ದರ್ಜೆ. ಈ ದರ್ಜೆಯಲ್ಲಿ ಅಲೆಯ ನೆತ್ತಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಒಡೆದು ಬಿಳಿಯಾಗುತ್ತದೆ. ಎಂದರೆ, ಕಡಲ ತುಂಬ ಬಿಳಿ ನೊರೆ ಎರಚುವ ಆಸೆಯನ್ನು ಈಗಲೇ ಬಿಟ್ಟುಬಿಡಬೇಕು.

ಸೂರ್ಯಾಸ್ತವನ್ನೇ ಬರೆಯಬಾರದೇಕೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1839ರಲ್ಲಿ ಪ್ರದರ್ಶಿಸಿದ 'ದಿ ಫೈಟಿಂಗ್ ಟೆಮರೇರ್' ಚಿತ್ರದ ಕೆಂಪು ಸಂಜೆಯನ್ನು ನೋಡಿದವರಿಗೆ ಆ ಆಸೆ ಸಹಜ. ಆದರೆ ನಮ್ಮ ಕಡಲಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹಡಗು ಬರಿಯ ಕಪ್ಪು ಆಕಾರವಾಗುತ್ತದೆ; ಹಾಯಿಯ ಉಬ್ಬು, ಮರದ ಬಣ್ಣ, ನೀರಿನ ಹಸಿರು ಇವುಗಳಲ್ಲಿ ಕಲಿಯಬೇಕಾದ್ದೆಲ್ಲ ಆ ಕಪ್ಪಿನಲ್ಲಿ ಅಡಗಿಹೋಗುತ್ತದೆ. ಮೊದಲ ನಾಲ್ಕೈದು ಚಿತ್ರಗಳ ಮಟ್ಟಿಗೆ ಸೂರ್ಯನನ್ನು ಚೌಕಟ್ಟಿನ ಹೊರಗಿಡುವುದು ಮೇಲು.

ಸಾಮಗ್ರಿ

60 × 40 ಸೆಂಟಿಮೀಟರ್ ಅಳತೆಯ, ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ) ಬಳಿದು ಸಿದ್ಧವಾದ ಕ್ಯಾನ್ವಾಸ್ ಸಾಕು. ಬಣ್ಣಗಳಲ್ಲಿ ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಸೆರೂಲಿಯನ್ ಬ್ಲೂ, ವಿರಿಡಿಯನ್, ಯೆಲ್ಲೊ ಓಕರ್, ಲೈಟ್ ರೆಡ್, ಬರ್ನ್ಟ್ ಸಿಯೆನ್ನ, ರಾ ಅಂಬರ್ ಈ ಎಂಟು ಇದ್ದರೆ ಸಾಕು. ಕಪ್ಪು ಬಣ್ಣದ ಟ್ಯೂಬನ್ನು ಕೊಳ್ಳಬೇಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನ ಸಮವಾಗಿ ಬೆರೆತರೆ ಟ್ಯೂಬಿನ ಕಪ್ಪಿಗಿಂತ ಜೀವಂತವಾದ ಕಪ್ಪು ಬರುತ್ತದೆ. ನೀಲಿಯನ್ನು ಹೆಚ್ಚಿಸಿದರೆ ತಂಪು ಬೂದು, ಕಂದು ಬಣ್ಣವನ್ನು ಹೆಚ್ಚಿಸಿದರೆ ಬೆಚ್ಚನೆಯ ಬೂದು ಸಿಗುತ್ತದೆ. ಕಡಲಚಿತ್ರದ ಅರ್ಧ ಭಾಗ ಇಂಥ ಬೂದುಗಳಿಂದಲೇ ತುಂಬುತ್ತದೆ.

ಕುಂಚಗಳಲ್ಲಿ ಒಂದಿಂಚಿನ ಚಪ್ಪಟೆ ಹಂದಿಕೂದಲಿನ ಕುಂಚ, 8 ಮತ್ತು 4ನೆಯ ಸಂಖ್ಯೆಯ ದುಂಡಂಚಿನ ಕುಂಚಗಳು, 2ನೆಯ ಸಂಖ್ಯೆಯ ಮೆತ್ತನೆಯ ಗುಂಡು ಕುಂಚ ಮತ್ತು ಒಂದು ರಿಗ್ಗರ್ ಬೇಕು. ಉದ್ದ ಕೂದಲಿನ ಈ ರಿಗ್ಗರ್ ಕುಂಚಕ್ಕೆ ಆ ಹೆಸರು ಬಂದದ್ದೇ ಹಡಗಿನ ಹಗ್ಗಗಳನ್ನು ಎಳೆಯಲು ಬಳಸಿದ್ದರಿಂದ. ಒಂದು ಚಾಕು, ಅಗಸೆ ಎಣ್ಣೆ, ಟರ್ಪೆಂಟೈನ್, ಹಳೆ ಹತ್ತಿಬಟ್ಟೆ, ಮತ್ತು ತುದಿಗೆ ಬಟ್ಟೆ ಸುತ್ತಿದ ಒಂದು ಮೀಟರ್ ಉದ್ದದ ಬೆತ್ತ ಇರಲಿ. ಹಸಿ ಬಣ್ಣಕ್ಕೆ ಕೈ ತಾಗದಂತೆ ಮಣಿಕಟ್ಟನ್ನು ಊರಿಕೊಳ್ಳಲು ಆ ಬೆತ್ತ ಬೇಕಾಗುತ್ತದೆ.

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಸಿಕ್ಕಿಬಿದ್ದ ಬಿಸಿಯಿಂದ ಬಟ್ಟೆ ತಾನೇ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಬೇಕು. ಟರ್ಪೆಂಟೈನ್ ಬಳಸುವ ಕೋಣೆಯ ಕಿಟಕಿಗಳು ತೆರೆದಿರಲಿ.

ರೇಖಾಚಿತ್ರ: ದಿಗಂತ ಮತ್ತು ಕಣ್ಣಿನ ಎತ್ತರ

ಕ್ಯಾನ್ವಾಸಿನ ಕೆಳಗಿನಿಂದ 13 ಸೆಂಟಿಮೀಟರ್ ಎತ್ತರದಲ್ಲಿ ಸ್ಕೇಲ್ ಹಿಡಿದು ದಿಗಂತದ ಗೆರೆ ಎಳೆಯಿರಿ. ಆಕಾಶಕ್ಕೆ ಮೂರರಲ್ಲಿ ಎರಡು ಪಾಲು, ನೀರಿಗೆ ಒಂದು ಪಾಲು. ಕಡಲಚಿತ್ರಕ್ಕೆ ತಗ್ಗು ದಿಗಂತವನ್ನು ರೂಢಿಗೆ ತಂದವರು 17ನೆಯ ಶತಮಾನದ ಡಚ್ಚರು. ಅವರಲ್ಲಿ ವಿಲ್ಲೆಮ್ ಫಾನ್ ಡ ಫೆಲ್ಡ ಎಂಬ ಒಂದೇ ಹೆಸರಿನ ತಂದೆ ಮತ್ತು ಮಗ ಇಂದಿಗೂ ಗುರುಸ್ಥಾನದಲ್ಲಿದ್ದಾರೆ. ತಂದೆ ಸಣ್ಣ ದೋಣಿಯಲ್ಲಿ ನೌಕಾಪಡೆಯ ಜೊತೆಗೇ ಹೋಗಿ ಕದನದ ನಡುವೆ ರೇಖಾಚಿತ್ರ ಬರೆದುಕೊಂಡು ಬರುತ್ತಿದ್ದರು. ಮಗ ಅದನ್ನು ಬಣ್ಣಕ್ಕೆ ಇಳಿಸುತ್ತಿದ್ದರು. ಇಬ್ಬರೂ ಇಂಗ್ಲೆಂಡಿಗೆ ವಲಸೆ ಹೋದ ಮೇಲೆ 1674ರಲ್ಲಿ ದೊರೆ ಎರಡನೆಯ ಚಾರ್ಲ್ಸ್ ಇಬ್ಬರಿಗೂ ವರ್ಷಕ್ಕೆ ತಲಾ 100 ಪೌಂಡ್ ಗೊತ್ತುಮಾಡಿದ್ದು ಒಬ್ಬರಿಗೆ ಗೆರೆಗಾಗಿ, ಇನ್ನೊಬ್ಬರಿಗೆ ಬಣ್ಣಕ್ಕಾಗಿ. ಗೆರೆಯ ಕೆಲಸಕ್ಕೆ ಬಣ್ಣದಷ್ಟೇ ಸಂಬಳವಿತ್ತೆಂಬುದನ್ನು ಅವಸರದವರು ಗಮನಿಸಬೇಕು.

ದಿಗಂತ ಎಂದರೆ ನೋಡುವವನ ಕಣ್ಣಿನ ಎತ್ತರ. ಶಾಂತ ಕಡಲಿನ ಮೇಲೆ, ಹತ್ತಿರದ ಹಡಗಿರಲಿ ತುಸು ದೂರದ್ದಿರಲಿ, ದಿಗಂತದ ಗೆರೆ ಪ್ರತಿಯೊಂದು ಹಡಗನ್ನೂ ನೀರಿನಿಂದ ನಮ್ಮ ಕಣ್ಣು ಇರುವಷ್ಟೇ ಎತ್ತರದಲ್ಲಿ ಕತ್ತರಿಸುತ್ತದೆ. ದೋಣಿಯಲ್ಲಿ ನಿಂತ ನಮ್ಮ ಕಣ್ಣು ನೀರಿನಿಂದ 2 ಮೀಟರ್ ಮೇಲಿದೆ. ಮಂಜಿಯ ಒಡಲು 20 ಮೀಟರ್ ಉದ್ದವಿದ್ದು, ಅದನ್ನು ಚಿತ್ರದಲ್ಲಿ 16 ಸೆಂಟಿಮೀಟರ್ ಉದ್ದಕ್ಕೆ ಬರೆಯುವುದಾದರೆ ಒಂದು ಮೀಟರಿಗೆ 8 ಮಿಲಿಮೀಟರ್ ಬಂದಂತಾಯಿತು. ಆದ್ದರಿಂದ ಮಂಜಿ ನೀರಿಗೆ ತಾಗುವ ಗೆರೆ ದಿಗಂತದಿಂದ ಸರಿಯಾಗಿ 16 ಮಿಲಿಮೀಟರ್ ಕೆಳಗೆ ಬರಬೇಕು. ಹೊಸಬರು ಇದನ್ನು ಐದಾರು ಸೆಂಟಿಮೀಟರ್ ಕೆಳಗೆ ಇಡುತ್ತಾರೆ. ಹಾಗೆ ಇಟ್ಟರೆ ನೋಡುವವನು ಎರಡು ಮಹಡಿಯ ಮನೆಯ ಮೇಲೆ ನಿಂತು ನೋಡಿದಂತಾಗಿ, ಹಡಗು ನೀರಿನ ಮೇಲೆ ಆಟಿಕೆಯಂತೆ ಕಾಣುತ್ತದೆ.

ಇನ್ನೊಂದು ಹಡಗನ್ನು ದೂರದಲ್ಲಿ ಇಡುವವರಿಗೆ ಭೂಮಿಯ ದುಂಡು ಕೂಡ ನೆರವಾಗುತ್ತದೆ. 2 ಮೀಟರ್ ಎತ್ತರದ ಕಣ್ಣಿಗೆ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಒಡಲಿನ ಬದಿ 2 ಮೀಟರ್ ಎತ್ತರವಿರುವ ಹಡಗು 10 ಕಿಲೋಮೀಟರ್ ದಾಟಿದರೆ ಅದರ ಒಡಲು ಪೂರ್ತಿ ಮರೆಯಾಗಿ ಹಾಯಿ ಮಾತ್ರ ಉಳಿಯುತ್ತದೆ. ದಿಗಂತದ ಮೇಲೆ ರಾಗಿಕಾಳಿನಷ್ಟು ದೊಡ್ಡದಾದ, ಒಡಲಿಲ್ಲದ ಒಂದು ತಿಳಿ ತ್ರಿಕೋನ ಇಟ್ಟರೆ ಕಡಲಿನ ಅಗಾಧತೆ ಒಮ್ಮೆಲೇ ತೆರೆದುಕೊಳ್ಳುತ್ತದೆ.

ಮಂಜಿಯನ್ನು ನಡುಮಧ್ಯದಲ್ಲಿ ಇಡದೆ ತುಸು ಬಲಕ್ಕೆ ಸರಿಸಿ. ಅದು ಎಡಕ್ಕೆ ಸಾಗುವುದರಿಂದ ಮುಂದೆ ಹೋಗಲು ಜಾಗ ಬೇಕು. ಒಡಲನ್ನು ಬರೆಯುವಾಗ ಮೊದಲು ಒಂದು ಉದ್ದನೆಯ ಪೆಟ್ಟಿಗೆಯನ್ನು ಬರೆದು, ಅದರೊಳಗೆ ಮುಂದಕ್ಕೆ ಉದ್ದವಾಗಿ ಚಾಚಿದ ಮೂತಿ, ನಡುವೆ ತಗ್ಗಿ ಹಿಂದೆ ಏರುವ ಅಂಚಿನ ಬಾಗು, ಎತ್ತರದ ಹಿಂಭಾಗ ಹೀಗೆ ಕೊರೆದು ತೆಗೆಯುವುದು ಸುಲಭ. ಮಂಜಿ, ಪತ್ತೆಮಾರಿ ಮುಂತಾದ ಪಶ್ಚಿಮ ಕರಾವಳಿಯ ಹಾಯಿಹಡಗುಗಳನ್ನು ಯುರೋಪಿನ ಹಡಗುಗಳಿಂದ ಬೇರೆಯಾಗಿ ತೋರಿಸುವ ಗುರುತು ಕೂವೆಮರದ (ಹಾಯಿ ಕಟ್ಟುವ ಕಂಬದ) ವಾಲು: ದೊಡ್ಡ ಕೂವೆಮರ ನೇರವಾಗಿ ನಿಲ್ಲದೆ ಮೂತಿಯ ಕಡೆಗೆ ವಾಲಿರುತ್ತದೆ. ಅದಕ್ಕೆ ಒಂದು ಉದ್ದನೆಯ ಓರೆಮರ ತೂಗಿರುತ್ತದೆ. ಒಂದೇ ಮರ ಅಷ್ಟು ಉದ್ದ ಸಿಗದ ಕಾರಣ ತುಂಡುಗಳನ್ನು ಹಗ್ಗದಿಂದ ಬಿಗಿದು ಕಟ್ಟಿರುತ್ತಾರೆ. ಓರೆಮರದ ತಗ್ಗಿನ ತುದಿ ಮೂತಿಯ ಬಳಿಗೆ, ಎತ್ತರದ ತುದಿ ಹಿಂದಕ್ಕೆ. ಅದರಿಂದ ಹೆಚ್ಚುಕಡಿಮೆ ತ್ರಿಕೋನಾಕಾರದ ಹಾಯಿ ಇಳಿಬಿದ್ದಿರುತ್ತದೆ. ಹಿಂದಿನ ಸಣ್ಣ ಕೂವೆಮರಕ್ಕೂ ಅಂಥದೇ ಚಿಕ್ಕ ಹಾಯಿ.

ಗಾಳಿ ಬಲಹಿಂದಿನಿಂದ ಬರುವುದರಿಂದ ಹಾಯಿ ನಮ್ಮ ಕಡೆಗೂ ಮುಂದಕ್ಕೂ ಉಬ್ಬುತ್ತದೆ. ಇಡೀ ಹಡಗು ನಮ್ಮತ್ತ ಕೊಂಚ ವಾಲುತ್ತದೆ. ಬಾವುಟ ಎಡಕ್ಕೆ, ಹಡಗು ಹೋಗುವ ದಿಕ್ಕಿಗೇ ಹಾರುತ್ತದೆ! ಕಾರಿನ ಬಾವುಟ ಹಿಂದಕ್ಕೆ ಹಾರುವುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ವಿಚಿತ್ರವೆನಿಸಬಹುದು. ಆದರೆ ಹಿಂಗಾಳಿಯಲ್ಲಿ ಹೋಗುವ ಹಾಯಿಹಡಗು ಗಾಳಿಗಿಂತ ನಿಧಾನ, ಹಾಗಾಗಿ ಬಾವುಟ ಅದರ ಮುಂದೆ ಹೋಗುತ್ತದೆ. ಹಿನ್ನೆಲೆಯಲ್ಲಿ ಲಂಗರು ಹಾಕಿದ ಮೀನುಗಾರರ ದೋಣಿಯೊಂದನ್ನು ಇಡುವುದಾದರೆ ಅದರ ಮೂತಿ ಬಲಕ್ಕೆ, ಗಾಳಿ ಬರುವ ಕಡೆಗೆ ತಿರುಗಿರಲಿ.

ಅಡಿಬಣ್ಣ

ರಾ ಅಂಬರ್‌ಗೆ ಟರ್ಪೆಂಟೈನ್ ಮಾತ್ರ ಬೆರೆಸಿ ಚಹಾದ ಡಿಕಾಕ್ಷನ್‌ನಷ್ಟು ತೆಳ್ಳಗೆ ಮಾಡಿಕೊಂಡು, ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಿಳುಪು ಹೋಗಿ ಜೇನಿನ ಬಣ್ಣ ಉಳಿದರೆ ಸರಿ. ಅದೇ ಬಣ್ಣವನ್ನು ತುಸು ದಪ್ಪ ಮಾಡಿ ಒಡಲಿನ ನೆರಳು, ಹಾಯಿಯ ಬಲಭಾಗ, ಹತ್ತಿರದ ಅಲೆಗಳ ತಗ್ಗು ಇಷ್ಟನ್ನು ಗುರುತಿಸಿ. ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ. ಈ ಹಂತದಲ್ಲೇ ಎರಡು ಹೆಜ್ಜೆ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಬೇಕು. ಕತ್ತಲು ಬೆಳಕಿನ ಹಂಚಿಕೆ ಇಲ್ಲಿ ಸರಿಯಾಗದಿದ್ದರೆ ಮುಂದೆ ಯಾವ ಬಣ್ಣವೂ ಅದನ್ನು ಸರಿಪಡಿಸಲಾರದು.

ಅಂಬರ್‌ನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ, ಆದ್ದರಿಂದ ಅಡಿಬಣ್ಣಕ್ಕೆ ಅದೇ ಸೂಕ್ತ. ಮುಂದಿನ ಎಲ್ಲ ಪದರಗಳಿಗೂ ನಿಯಮವೊಂದೇ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಎಣ್ಣೆ ಹೆಚ್ಚು. ಬೇಗ ಒಣಗುವ ಪದರ ನಿಧಾನವಾಗಿ ಒಣಗುವ ಪದರದ ಮೇಲೆ ಕುಳಿತರೆ, ಕೆಳಗಿನದು ಅಲುಗಾಡುವಾಗ ಮೇಲಿನದು ಬಿರುಕು ಬಿಡುತ್ತದೆ.

ಆಕಾಶ

ಆಕಾಶವನ್ನು ಒಂದೇ ಕೂತಿನಲ್ಲಿ, ಬಣ್ಣ ಹಸಿಯಿರುವಾಗಲೇ ಮುಗಿಸಬೇಕು. ಹಾಯಿ ಬರುವ ಜಾಗವನ್ನು ಬಿಟ್ಟುಬಿಡಬೇಡಿ; ಹಾಯಿಯ ಅಂಚಿನ ಒಳಗೂ ಒಂದು ಸೆಂಟಿಮೀಟರಿನಷ್ಟು ಆಕಾಶ ನುಗ್ಗಲಿ. ಇಲ್ಲವಾದರೆ ಹಾಯಿಯನ್ನು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಮೇಲ್ತುದಿಗೆ ಅಲ್ಟ್ರಾಮರೀನ್ ಒಂದು ಪಾಲು, ಬಿಳಿ ಮೂರು ಪಾಲು, ಬರ್ನ್ಟ್ ಸಿಯೆನ್ನ ಚಿಟಿಕೆಯಷ್ಟು. ನಡುವಿಗೆ ಸೆರೂಲಿಯನ್ ಮತ್ತು ಬಿಳಿ. ದಿಗಂತದ ಬಳಿಗೆ ಬಿಳಿಗೆ ಯೆಲ್ಲೊ ಓಕರ್ ಮತ್ತು ಅದಕ್ಕಿಂತ ಕಡಿಮೆ ಲೈಟ್ ರೆಡ್ ಸೇರಿಸಿದ ಹಾಲುಗೆನೆ. ಡಿಸೆಂಬರಿನ ಸಂಜೆಗಳಲ್ಲಿ ನಮ್ಮ ಕಡಲ ಅಂಚು ನೀಲಿಯಾಗಿರುವುದಿಲ್ಲ, ಮಂಜು ಕಟ್ಟಿದ ಹಾಲಿನಂತಿರುತ್ತದೆ. ಸೂರ್ಯ ಎಡಕ್ಕಿರುವುದರಿಂದ ಎಡಬದಿಯ ಆಕಾಶ ಇಡಿಯಾಗಿ ಬಲಬದಿಗಿಂತ ತಿಳಿಯೂ ಬೆಚ್ಚಗೂ ಇರಬೇಕು. ಮೂರು ಪಟ್ಟಿಗಳನ್ನು ಒಂದಿಂಚಿನ ಒಣ ಕುಂಚದಿಂದ ಅಡ್ಡಡ್ಡ, ಹಗುರವಾಗಿ ಸವರಿ ಬೆಸೆಯಿರಿ.

ಮೋಡಗಳು ಕೆಲವೇ ಇರಲಿ. ಎಡಕ್ಕೆ ಬೆಳಕು, ಬಲಕ್ಕೆ ಬೂದುನೇರಳೆ ನೆರಳು, ತಳ ಚಪ್ಪಟೆ. ದಿಗಂತಕ್ಕೆ ಇಳಿದಂತೆ ಅವು ಚಿಕ್ಕದಾಗಿ, ಒತ್ತಾಗಿ, ಮಸುಕಾಗಿ ಹೋಗಬೇಕು. ವಾಸ್ತವದಲ್ಲಿ ಮೇಲಿನ ಮೋಡಗಳು ಕಡಲ ಮೇಲಿನ ಗಾಳಿಗೆ ವಿರುದ್ಧ ದಿಕ್ಕಿನಲ್ಲಿ ಓಡುವುದೂ ಉಂಟು. ಅದು ನಿಜವಾದರೂ ಚಿತ್ರದಲ್ಲಿ ತಪ್ಪಿನಂತೆಯೇ ಕಾಣುತ್ತದೆ; ಹಾಗಾಗಿ ನಾನು ಮೋಡಗಳನ್ನೂ ಚೀಟಿಯ ಬಾಣಕ್ಕೇ ಒಗ್ಗಿಸುತ್ತೇನೆ.

ಕಡಲು

ಇಲ್ಲಿ ಅವಸರ ಮಾಡಬಾರದು. ಆಕಾಶ ಹಸಿಯಿರುವ ದಿನವೇ ದಿಗಂತದ ಅಂಚನ್ನು ಮುಟ್ಟಿ, ಎರಡೂ ಬಣ್ಣ ಕೂದಲೆಳೆಯಷ್ಟು ಬೆರೆಯುವಂತೆ ಮಾಡಿ. ಉಳಿದ ನೀರನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು. ಶಾಂತ ನೀರು ಕನ್ನಡಿಯಂತೆ ದಿಗಂತದ ಬಿಳಿ ಆಕಾಶವನ್ನು ತೋರಿಸುತ್ತದೆ. ಗಾಳಿಯಿದ್ದಾಗ ಹಾಗಲ್ಲ: ದೂರದಲ್ಲಿ ನಮಗೆ ಕಾಣುವುದು ಅಲೆಗಳ ನಮ್ಮತ್ತ ವಾಲಿದ ಮೈ ಮಾತ್ರ, ಆ ಮೈ ಪ್ರತಿಫಲಿಸುವುದು ದಿಗಂತವನ್ನಲ್ಲ, ಅದಕ್ಕಿಂತ ಮೇಲಿನ ನೀಲಿ ಆಕಾಶವನ್ನು. ಆದ್ದರಿಂದ ದಿಗಂತದ ಬಳಿಯ ನೀರು ಅದರ ಮೇಲಿನ ಆಕಾಶಕ್ಕಿಂತ ಒಂದು ಛಾಯೆ ಗಾಢವಾಗಿ, ನೀಲಿಯಾಗಿ ಇರಬೇಕು. ಅಲ್ಟ್ರಾಮರೀನ್, ಸೆರೂಲಿಯನ್, ಬಿಳಿ, ಸ್ವಲ್ಪ ಅಂಬರ್ ಸೇರಿದರೆ ಆ ಬಣ್ಣ. ಮುಂದೆ ಬಂದಂತೆ ವಿರಿಡಿಯನ್ ಮತ್ತು ಓಕರ್ ಸೇರುತ್ತವೆ, ಏಕೆಂದರೆ ನಮ್ಮ ಕಾಲ ಬುಡದ ನೀರಿನಲ್ಲಿ ಕಾಣುವುದು ಆಕಾಶವಲ್ಲ, ನೀರಿನ ಒಳಮೈ. ಅಳಿವೆಯ ಹತ್ತಿರವಾದ್ದರಿಂದ ಆ ಹಸಿರಿನಲ್ಲಿ ಹೊಳೆಯ ಮಣ್ಣಿನ ಬಣ್ಣವೂ ಇರುತ್ತದೆ.

ಅಲೆಗಳ ಅಂತರಕ್ಕೆ ಒಂದು ಸರಳ ಲೆಕ್ಕವಿದೆ. ದಿಗಂತದಿಂದ ಕೆಳಗಿನ ಅಳತೆ ಅರ್ಧವಾದರೆ ದೂರ ಇಮ್ಮಡಿಯಾಗುತ್ತದೆ. ಚಿತ್ರದ ಕೆಳ ಅಂಚಿನ ನೀರು ನಮ್ಮಿಂದ 12 ಮೀಟರ್ ದೂರವಿದ್ದರೆ, ದಿಗಂತಕ್ಕೂ ಕೆಳ ಅಂಚಿಗೂ ನಟ್ಟನಡುವಿನ ನೀರು 24 ಮೀಟರ್ ದೂರ, ಅದರ ಮೇಲಿನ ಕಾಲುಭಾಗದ ನೀರು 48 ಮೀಟರ್ ದೂರ. ಎಂದರೆ ನೀರಿನ ಕೆಳ ಅರ್ಧದಲ್ಲಿ ನಿಜವಾಗಿ ಎರಡೋ ಮೂರೋ ಅಲೆಗಳಿಗೆ ಮಾತ್ರ ಜಾಗ. ಮೇಲಿನ ಎರಡು ಸೆಂಟಿಮೀಟರಿನಲ್ಲಿ ನೂರಾರು ಅಲೆಗಳು ಒತ್ತಿಕೊಂಡು ಬರಿಯ ಅಡ್ಡಗೆರೆಗಳಾಗುತ್ತವೆ. ಮೀನಿನ ಹುರುಪೆಯಂತೆ ಒಂದೇ ಅಳತೆಯ ಅಲೆಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಹತ್ತಿರದ ಒಂದು ಅಲೆಯನ್ನು ಮಾತ್ರ ಪೂರ್ತಿ ಬರೆಯೋಣ. ಬಲದಿಂದ ಎಡಕ್ಕೆ ತುಸು ಓರೆಯಾಗಿ ಸಾಗುವ ಒಂದು ದಿಣ್ಣೆಯನ್ನು ಗುರುತಿಸಿ. ಗಾಳಿ ಬರುವ ಆಚೆಯ ಮೈ ಇಳಿಜಾರು, ನಮ್ಮತ್ತಲಿನ ಮೈ ಕಡಿದು. ಬಿಸಿಲು ಎದುರಿನಿಂದ ಬರುವುದರಿಂದ ಈ ಕಡಿದಾದ ಮೈ ನೆರಳಿನಲ್ಲಿದೆ: ಅದರ ಬುಡಕ್ಕೆ ಅಲ್ಟ್ರಾಮರೀನ್, ವಿರಿಡಿಯನ್, ಅಂಬರ್ ಬೆರೆತ ಗಾಢ ಹಸಿರನ್ನು 8ನೆಯ ಸಂಖ್ಯೆಯ ಕುಂಚದಿಂದ ಇಡಿ. ಮೈಯ ನಡುವೆ ಅದೇ ಬಣ್ಣಕ್ಕೆ ತುಸು ಬಿಳಿ. ನೆತ್ತಿಯ ಕೆಳಗೆ, ನೀರು ತೆಳುವಾಗುವ ಬೆರಳಗಲದ ಜಾಗದಲ್ಲಿ, ಆಚೆಯ ಬಿಸಿಲು ನೀರನ್ನು ತೂರಿಕೊಂಡು ಬರುತ್ತದೆ. ಅಲ್ಲಿ ವಿರಿಡಿಯನ್, ಓಕರ್, ಬಿಳಿ ಸೇರಿದ ಎಳನೀರು ಕಾಯಿಯಂಥ ತಿಳಿಹಸಿರು ಬರಲಿ. ಅದರ ಮೇಲೆ ನೆತ್ತಿಯ ಅಂಚಿಗೆ ಆಕಾಶದ ಬಿಳಿಗೆರೆ, ಎಲ್ಲ ಕಡೆ ಅಲ್ಲ, ತುಂಡುತುಂಡಾಗಿ. ಕುಂಚದ ಎಳೆತ ಅಲೆಯ ಮೈಯ ಬಾಗನ್ನೇ ಅನುಸರಿಸಬೇಕು. ರಷ್ಯಾದ ಕಡಲಚಿತ್ರಕಾರ ಐವಾಜೊವ್‌ಸ್ಕಿ 1850ರಲ್ಲಿ ಬರೆದ 'ಒಂಬತ್ತನೆಯ ಅಲೆ' ಚಿತ್ರದ ಮೋಡಿ ಇರುವುದು ಬಹುಮಟ್ಟಿಗೆ ಈ ಒಳಬೆಳಕಿನ ಹಸಿರಿನಲ್ಲೇ. ಅವರು ಕಡಲನ್ನು ಎದುರಿಗಿಟ್ಟುಕೊಂಡು ಬರೆಯದೆ, ಚಿತ್ರಶಾಲೆಯಲ್ಲಿ ನೆನಪಿನಿಂದ ಬರೆಯುತ್ತಿದ್ದರು. ಓಡುವ ಅಲೆಯನ್ನು ನೋಡುತ್ತ ಬರೆಯಲಾಗದು. ಅರ್ಧ ಗಂಟೆ ಸುಮ್ಮನೆ ನೋಡಿ, ಬೆನ್ನು ತಿರುಗಿಸಿ ಬರೆಯುವ ಅಭ್ಯಾಸ ನಿಜಕ್ಕೂ ಫಲ ಕೊಡುತ್ತದೆ.

ಎಡಬದಿಯ ನೀರಿನಲ್ಲಿ ಮಾತ್ರ ಬಿಸಿಲಿನ ಮಿನುಗು ಬರುತ್ತದೆ. ಅದನ್ನು ಈಗಲ್ಲ, ಕೊನೆಯಲ್ಲಿ ಇಡಬೇಕು. ಒಡೆದ ನೆತ್ತಿಗಳು ಇಡೀ ಚಿತ್ರದಲ್ಲಿ ಏಳೆಂಟು ಸಾಕು. ನೊರೆ ಶುದ್ಧ ಬಿಳಿಯಲ್ಲ. ನೆರಳಿನ ಮೈಯಲ್ಲಿರುವ ನೊರೆ ನೀಲಿಬೂದು.

ಒಣಗಲು ಬಿಡುವುದು

ಬಿಳಿ ಹೆಚ್ಚಿರುವ ಆಕಾಶ ಒಣಗಲು ಒಂದು ವಾರ ಬೇಕು. ಮಳೆಗಾಲದ ಕರಾವಳಿಯಲ್ಲಿ ಅದಕ್ಕೂ ಹೆಚ್ಚು. ಬೆರಳು ತಾಗಿಸಿದರೆ ಅಂಟಬಾರದು. ಬಿಸಿಲಿಗೆ ಒಡ್ಡುವ, ಫ್ಯಾನಿನ ಕೆಳಗೆ ಇಡುವ ಉಪಾಯಗಳಿಂದ ಧೂಳು ಕೂರುವುದೇ ಹೆಚ್ಚು.

ಹಡಗು

ನಮಗೆ ಕಾಣುವ ಒಡಲಿನ ಬದಿ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಪೂರ್ತಿ ನೆರಳಿನಲ್ಲಿದೆ. ಮೂತಿಯ ಅಂಚಿಗೆ ಮಾತ್ರ ಬಿಸಿಲು. ಮೀನೆಣ್ಣೆ ಕುಡಿದು ಕಪ್ಪಾದ ಮರಕ್ಕೆ ಬರ್ನ್ಟ್ ಸಿಯೆನ್ನ ಹೆಚ್ಚಿರುವ ಕಪ್ಪು ಸರಿಹೊಂದುತ್ತದೆ. ನೀರಿನ ಹತ್ತಿರ, ಬದಿಯ ಕೆಳ ಮೂರನೆಯ ಒಂದು ಭಾಗದಲ್ಲಿ, ಅಲೆಗಳಿಂದ ಮೇಲಕ್ಕೆ ಚಿಮ್ಮುವ ಹಸಿರು ಬೆಳಕಿನ ಸುಳಿವು ಇರಲಿ. ಅದಿಲ್ಲದಿದ್ದರೆ ನೆರಳು ಸತ್ತಂತಿರುತ್ತದೆ. ಹಲಗೆಗಳ ಗೆರೆಗಳನ್ನು ಎಲ್ಲೆಡೆ ಎಳೆಯದೆ ಮೂತಿಯ ಬಳಿ ಮೂರು ನಾಲ್ಕು ಮಾತ್ರ ಸೂಚಿಸಿ.

ಹಡಗು ಎಷ್ಟು ಆಳಕ್ಕೆ ಮುಳುಗಿದೆ ಎಂಬುದು ಅದರ ಸರಕನ್ನು ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಹಡಗುಗಳಲ್ಲಿ ಹೊರಗೆ ಹೋಗುತ್ತಿತ್ತು. ಹೆಂಚು ತುಂಬಿ ಹೊರಟ ಮಂಜಿಯನ್ನು ಬರೆಯುವವರು ಅದನ್ನು ಅಂಚಿನವರೆಗೂ ತಗ್ಗಿಸಬೇಕು. ನಮ್ಮದು ಹಗುರ ಸರಕಿನೊಂದಿಗೆ ಒಳಬರುವ ಹಡಗು, ಆದ್ದರಿಂದ ತಳಕ್ಕೆ ಬಳಿದ ಸುಣ್ಣದ ಮಾಸಲು ಬಿಳಿ ಪಟ್ಟಿ ನೀರಿನ ಮೇಲೆ ಕಾಣುತ್ತದೆ. ಆ ಪಟ್ಟಿಯನ್ನು ಅಲೆಗಳು ಅಲ್ಲಲ್ಲಿ ಕಡಿಯಲಿ. ಮೂತಿಯ ಬುಡದಲ್ಲಿ ಒಂದು ಸಣ್ಣ ನೊರೆಮೀಸೆ, ಹಿಂದೆ ಚಪ್ಪಟೆಯಾದ ನೀರಿನ ಜಾಡು. ಇಷ್ಟೇ ಮೆಲ್ಲಗಿನ ಗಾಳಿಯಲ್ಲಿ ಇದಕ್ಕಿಂತ ಹೆಚ್ಚು ನೊರೆ ಏಳುವುದಿಲ್ಲ.

ಹಾಯಿ ಬಿಳಿಯಲ್ಲ. ಬಿಸಿಲು ಮಳೆ ತಿಂದ ಹತ್ತಿಬಟ್ಟೆಯ ಬಣ್ಣ ಓಕರ್, ಬಿಳಿ, ಅಂಬರ್ ಬೆರೆತದ್ದು. ಉಬ್ಬಿನ ಎಡಭಾಗ ಸೂರ್ಯನತ್ತ ತಿರುಗಿ ಬೆಳಗುತ್ತದೆ. ಬಲಕ್ಕೆ ಹೋದಂತೆ ನೆರಳು. ಆದರೆ ಆ ನೆರಳು ಒಡಲಿನ ನೆರಳಿನಂತೆ ತಂಪಾಗಿರದು, ಏಕೆಂದರೆ ಬಟ್ಟೆ ತೆಳುವಾಗಿದ್ದು ಬಿಸಿಲು ಅದನ್ನು ಸೋಸಿಕೊಂಡು ಬರುತ್ತದೆ. ನೆರಳಿಗೆ ಓಕರ್ ಮತ್ತು ಲೈಟ್ ರೆಡ್ ಸೇರಿಸಿ ಬೆಚ್ಚಗಾಗಿಸಿ. ಬಟ್ಟೆ ಎರಡು ಪದರವಾದ ಅಂಚು ಮತ್ತು ಹೊಲಿಗೆಯ ಪಟ್ಟಿಗಳು ಮಾತ್ರ ಗಾಢವಾಗಿರಲಿ. ಹೊಲಿಗೆಯ ಗೆರೆಗಳನ್ನು ಸ್ಕೇಲ್ ಹಿಡಿದು ಎಳೆದರೆ ಉಬ್ಬು ಹೋಗಿ ಹಲಗೆಯಾಗುತ್ತದೆ. ಅವು ಹಾಯಿಯ ಹೊಟ್ಟೆಯ ಮೇಲೆ ಬಾಗಬೇಕು.

ಹಗ್ಗಗಳನ್ನು ಎಳೆಯುವುದು ಎಲ್ಲರಿಗೂ ಭಯದ ಕೆಲಸ. ಬಣ್ಣಕ್ಕೆ ಟರ್ಪೆಂಟೈನ್ ಮತ್ತು ಒಂದೆರಡು ಹನಿ ಅಗಸೆ ಎಣ್ಣೆ ಸೇರಿಸಿ ಶಾಯಿಯಷ್ಟು ತೆಳ್ಳಗೆ ಮಾಡಿ, ರಿಗ್ಗರನ್ನು ಅದರಲ್ಲಿ ಹೊರಳಿಸಿ ತುಂಬಿಸಿ, ಮಣಿಕಟ್ಟನ್ನು ಬೆತ್ತದ ಮೇಲೆ ಊರಿ, ಬೆರಳಿನಿಂದಲ್ಲ, ಇಡೀ ತೋಳಿನಿಂದ ಒಂದೇ ಉಸಿರಿಗೆ ಎಳೆಯಿರಿ. ಗಾಳಿ ಬರುವ ಬದಿಯ ಹಗ್ಗ ಬಿಗಿ, ನೇರ; ನಮ್ಮ ಬದಿಯ ಹಗ್ಗ ಸಡಿಲ, ಕೊಂಚ ಜೋತಾಡುವಂಥದ್ದು. ತಪ್ಪಿದರೆ ಕೆಳಗಿನ ಆಕಾಶ ಒಣಗಿರುವುದರಿಂದ ಟರ್ಪೆಂಟೈನ್ ಒದ್ದೆಮಾಡಿದ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯಬಹುದು. ಇಷ್ಟು ದಿನ ಕಾದದ್ದು ಇದಕ್ಕೇ. ಎಲ್ಲ ಹಗ್ಗಗಳನ್ನೂ ತುದಿಯವರೆಗೆ ಎಳೆಯಬೇಕಿಲ್ಲ. ಬೆಳಕಿನಲ್ಲಿ ಕೆಲವು ಕರಗಿಹೋಗಲಿ.

ಕೊನೆಯ ಸ್ಪರ್ಶ

ಹಡಗು ಒಣಗಿದ ಮೇಲೆ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಸಮ ಬೆರೆಸಿದ ದ್ರವದಲ್ಲಿ ವಿರಿಡಿಯನ್ ಅನ್ನು ಗಾಜಿನಂತೆ ತೆಳುವಾಗಿ ಕದಡಿ, ಹತ್ತಿರದ ಅಲೆಗಳ ತಿಳಿಹಸಿರಿನ ಮೇಲೆ ಒಮ್ಮೆ ಸವರಿ ಬೆರಳಿನಿಂದ ತಟ್ಟಿ ತೆಗೆಯಿರಿ. ಹಡಗಿನ ಪ್ರತಿಬಿಂಬವನ್ನೂ ಇದೇ ರೀತಿಯ ಗಾಢ ಪದರದಿಂದ, ಅಲೆಗಳ ನಮ್ಮತ್ತಲಿನ ಮೈಗಳ ಮೇಲೆ ಮಾತ್ರ, ಚೂರುಚೂರಾಗಿ ತನ್ನಿ. ಆಮೇಲೆ ಚಾಕುವಿನ ಅಂಚಿಗೆ ಬಿಳಿ ಮತ್ತು ತುಸು ಓಕರ್ ತೆಗೆದುಕೊಂಡು, ಎಡಬದಿಯ ನೀರಿನ ನೆತ್ತಿಗಳಿಗೆ ದಪ್ಪಗೆ ತಾಗಿಸಿ ಮಿನುಗನ್ನು ಇಡಿ. ಇಪ್ಪತ್ತು ಇಡಬೇಕೆನಿಸಿದರೆ ಹತ್ತಕ್ಕೆ ನಿಲ್ಲಿಸಿ.

ಬಾವುಟ ಎಲ್ಲಕ್ಕಿಂತ ಕೊನೆಗೆ. ಲೈಟ್ ರೆಡ್ ತುಂಬಿದ 2ನೆಯ ಸಂಖ್ಯೆಯ ಕುಂಚವನ್ನು ಕೂವೆಮರದ ತುದಿಗೆ ಊರಿ, ಚೀಟಿಯ ಬಾಣವನ್ನು ಮತ್ತೊಮ್ಮೆ ನೋಡಿ, ಎಡಕ್ಕೆ ಒಂದೇ ಎಳೆತದಲ್ಲಿ ಹಾರಿಸಿಬಿಡಿ.

ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ಎಣ್ಣೆ ಅಷ್ಟು ಕಾಲ ಗಟ್ಟಿಯಾಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಚಿತ್ರವನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿ ಇಡಬಾರದು, ಏಕೆಂದರೆ ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಒಳಗೋಡೆಗೆ ತೂಗುಹಾಕಿ, ಮಳೆಗಾಲದಲ್ಲಿ ಒಸರುವ ಹೊರಗೋಡೆಗೆ ಬೇಡ. ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗಳಿಗೆ ಬಾಟಲಿಯ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿಯಾಡಿ ಬೂಸ್ಟು ಹಿಡಿಯುವುದಿಲ್ಲ.